ಅಪ್ಪಾಜಿ ಸಹಿ ಮಾಡಿಟ್ಟ ಹಾಳೆಗಳು

ರಾಜಾಜಿನಗರದ ನಮ್ಮ ಮನೆಯ ವರಾಂಡಕ್ಕೆ ಅವ್ವ ‘ತಾಲ್ಲೂಕು’ ಎಂದು ಹೆಸರಿಟ್ಟಿದ್ದಳು. ಅಕ್ಕಪಕ್ಕದ ವರಾಂಡಗಳಲ್ಲಿ ಎರಡು ಬೆತ್ತದ ಕುರ್ಚಿ, ಒಂದು ಕ್ರೋಟನ್ ಕುಂಡ, ಪೇಪರಿನ ಹಿಂದೆ ಒಬ್ಬ ರಿಟೈರ್ಡ್ ಯಜಮಾನರು ಇರುತ್ತಿದ್ದರು. ನಮ್ಮದರಲ್ಲಿ ಜನ ಇರುತ್ತಿದ್ದರು. ಅಪ್ಪಾಜಿ ತುಂಗಭದ್ರೆಯ ಆಚೆಗಿನ ಒಂದು ಹಳ್ಳಿಗಾಡಿನ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದು ಬಂದ ಎಮ್ಮೆಲ್ಲೆ. ಆ ಕಡೆಯಿಂದ ಬೆಂಗಳೂರಿಗೆ ಬಸ್ಸು ಹತ್ತಿದವರು, ಆಸ್ಪತ್ರೆಗಾಗಲಿ, ವರ್ಗಾವಣೆಗಾಗಲಿ, ಸುಮ್ಮನೆ ವಿಧಾನಸೌಧ ನೋಡುವುದಕ್ಕಾಗಲಿ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರವಾಗಿ ನಮ್ಮ ಗೇಟಿಗೆ ಬರುತ್ತಿದ್ದರು. ನಾನು ಸ್ಕೂಲ್ ಶೂ ಹುಡುಕಲು ಬಾಗಿಲು ತೆಗೆದರೆ ಕಂಬಳಿ ಹೊದ್ದ ಹತ್ತು ಹನ್ನೆರಡು ಮಂದಿ ಸಾಲಾಗಿ ಮಲಗಿರುತ್ತಿದ್ದರು. ನನ್ನ ಶೂ ಯಾರದೋ ತಲೆದಿಂಬಿನ ಕೆಳಗೆ ಸಿಗುತ್ತಿತ್ತು.

“ತಾಲ್ಲೂಕು ಎದ್ದೈತೇನ ನೀಲಾ?” ಎಂದು ಅವ್ವ ಅಡಿಗೆಮನೆಯಿಂದ ಕೂಗುತ್ತಿದ್ದಳು.

“ಅರ್ಧ ಎದ್ದೈತಿ ಅವ್ವ.”

“ಹಂಗಾದ್ರ ಅರ್ಧಕ್ಕ ಚಾ ಇಡ್ತೀನಿ.”

ಪಕ್ಕದ ಮನೆಯ ಸರೋಜಾ ಆಂಟಿಗೆ ಇದೆಲ್ಲ ಆಗಿಬರುತ್ತಿರಲಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ, “ಏನ್ರೀ ಇದು, ಮನೇನೋ ಬಸ್‌ಸ್ಟ್ಯಾಂಡೋ? ನಮ್ಮೋರು ನಿಮ್ಮ ಗೇಟ್ ದಾಟಿ ಆಫೀಸಿಗ್ ಹೋಗೋಕೆ ಟಿಕೆಟ್ ತಗೋಬೇಕಾ?” ಎನ್ನುತ್ತಿದ್ದರು. ಅವ್ವ ನಕ್ಕು ಅವರಿಗೂ ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ ಕೊಡುತ್ತಿದ್ದಳು. ಆಂಟಿ ಬೇಡ ಅನ್ನುತ್ತಲೇ ತೆಗೆದುಕೊಳ್ಳುತ್ತಿದ್ದರು. ನಮ್ಮ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬೆಳಿಗ್ಗೆ ಶುರುವಾದರೆ ನಾನು ಕಾನ್ವೆಂಟಿಗೆ ಹೊರಡುವವರೆಗೂ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತವರನ್ನು ನೀವು ಯಾರಿಗೆ ಓಟು ಹಾಕಿದಿರಿ ಎಂದು ಕೇಳಕೂಡದು ಎಂಬುದು ಅವ್ವನ ಕಟ್ಟಪ್ಪಣೆ. ಒಮ್ಮೆ ನಾನು ಇಂಥವರು ನಮ್ಮ ಎದುರಾಳಿಯ ಕಡೆಯವರು ಎಂದು ಕಿವಿಯಲ್ಲಿ ಪಿಸುಗುಟ್ಟಿದಾಗ ಅವಳು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಬಂದಳು.

ಅಪ್ಪಾಜಿ ರಾಜಕೀಯಕ್ಕೆ ತಾವಾಗಿ ಬಂದವರಲ್ಲ, ಊರವರು ನಿಲ್ಲಿಸಿದವರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಮೇಷ್ಟ್ರು. ದೊಡ್ಡ ಪಕ್ಷಗಳೆರಡೂ ಕರೇಕಟ್ಟಿ ಎಂಬ ಹಳ್ಳಿಯ ಹಳ್ಳಕ್ಕೆ ಸೇತುವೆ ಕಟ್ಟಿಸುತ್ತೇವೆಂದು ಮೂರು ಸಲ ಮಾತು ಕೊಟ್ಟು ತಪ್ಪಿದ್ದವು. ಆ ಊರಿನ ಫಕೀರಜ್ಜ ಎಂಬ ಹಿರಿಯರು ನಾಲ್ಕು ಹಳ್ಳಿಯ ಜನರನ್ನು ಕಟ್ಟಿಕೊಂಡು ಅಪ್ಪಾಜಿಯ ಮನೆಗೆ ಬಂದರಂತೆ. ನಾಮಿನೇಷನ್‌ಗೆ ಮೊದಲು ಮಠದ ಅಂಗಳದಲ್ಲಿ, ಎಲ್ಲರ ಎದುರಿಗೆ, ಅಪ್ಪಾಜಿ ತಮ್ಮ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಆಣೆ ಮಾಡಿದರು: ಗೆದ್ದ ಮೇಲೆ ಯಾವ ಪಾರ್ಟಿಯ ಬಾಗಿಲಿಗೂ ಹೋಗುವುದಿಲ್ಲ, ಯಾರ ಹಿಂದೆಯೂ ಕೈ ಎತ್ತುವುದಿಲ್ಲ, ಒಂದೊಂದು ಮಾತಿಗೂ ಊರನ್ನು ಕೇಳಿಯೇ ಓಟು ಕೊಡುತ್ತೇನೆ. ಆಮೇಲೆ ಆ ಕ್ಷೇತ್ರದಲ್ಲಿ ಅಪ್ಪಾಜಿಗೆ ಇದ್ದ ಆಸ್ತಿ ಅದೊಂದೇ, ಆ ಮಾತು. ಈಗ ಟಿವಿಯಲ್ಲಿ ಎಮ್ಮೆಲ್ಲೆಗಳು ಬಸ್ಸಿನಲ್ಲಿ ರೆಸಾರ್ಟಿಗೆ ಹೋಗುವುದನ್ನು ಕಾಣುವಾಗ ನನ್ನ ಮೊಮ್ಮಕ್ಕಳು ಪಿಕ್‌ನಿಕ್ ನೋಡಿದಂತೆ ನಗುತ್ತಾರೆ. ನನಗೆ ನಗು ಬರುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪಾಜಿ ಬೆಳಗಿನ ಪೂಜೆಗೆ ಕೂತಾಗ ವರಾಂಡದ ಮಂದಿ ಕೆಮ್ಮನ್ನೂ ತಡೆದುಕೊಳ್ಳುತ್ತಿದ್ದರು. ಅದು ದೇವರ ಭಯವಲ್ಲ. ಆ ಅಂಗೈ ಅವರದೂ ಆಗಿತ್ತು.

ಅಪ್ಪಾಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಓದಿ ಅಷ್ಟಿಷ್ಟು ಅರ್ಥ ಮಾಡಿಕೊಳ್ಳುತ್ತಿದ್ದರು, ಬರೆಯಲು ಕೂತರೆ ಬೆವರುತ್ತಿದ್ದರು. ಆ ಕಾಲದ ಆಫೀಸುಗಳಲ್ಲಿ ಇಂಗ್ಲಿಷಿನ ಕಾಗದಕ್ಕೇ ಬಾಗಿಲು ತೆರೆಯುತ್ತಿದ್ದದ್ದು. ಮಗಳನ್ನು ಕಾನ್ವೆಂಟಿಗೆ ಹಾಕಲು ಅದೂ ಒಂದು ಕಾರಣ ಎಂದು ನನಗೆ ಆಮೇಲೆ ಹೊಳೆಯಿತು. ಅಲ್ಲಿ ನಾನು ಟಿಫಿನ್ ಡಬ್ಬಿಯ ರೊಟ್ಟಿಯನ್ನು ಡೆಸ್ಕಿನ ಮುಚ್ಚಳದ ಕೆಳಗೆ ಮುರಿದು ತಿನ್ನುತ್ತಿದ್ದೆ. ಸ್ಯಾಂಡ್‌ವಿಚ್ ತರುವ ಹುಡುಗಿಯರಿಗೆ ಅದರ ಸದ್ದು ಕೇಳಬಾರದೆಂದು. ಆದರೆ ಕಾಂಪೊಸಿಷನ್ ಪೀರಿಯಡ್‌ನಲ್ಲಿ ನಾನೇ ರಾಣಿ. ಸಿಸ್ಟರ್ ಬೆನೆಡಿಕ್ಟಾ ಪ್ರತಿ ಸೋಮವಾರ ಬೋರ್ಡಿನ ಮೇಲೆ ಐದು ಹೊಸ ವರ್ಡ್ಸ್ ಬರೆಯುತ್ತಿದ್ದರು, ಶುಕ್ರವಾರದೊಳಗೆ ಅವನ್ನು ಎಲ್ಲಾದರೂ ಬಳಸಿರಬೇಕು. ನಾನು ಅವನ್ನು ಅಪ್ಪಾಜಿಯ ಪತ್ರಗಳಲ್ಲಿ ಬಳಸುತ್ತಿದ್ದೆ.

ಏರ್ಪಾಡು ಹೀಗಿತ್ತು. ವಾರದ ಅರ್ಧ ಅಪ್ಪಾಜಿ ಕ್ಷೇತ್ರದಲ್ಲಿ ತಿರುಗುತ್ತಿದ್ದರು. ಬಂದವರು ಅಷ್ಟು ದಿನ ಕಾಯಲಾಗದು. ಅದಕ್ಕೇ ಭಾನುವಾರ ಸಂಜೆ ಊರಿಗೆ ಹೊರಡುವ ಮೊದಲು ಒಂದು ಕಟ್ಟು ಲೆಟರ್‌ಹೆಡ್ ತೆಗೆದುಕೊಂಡು, ಮೇಲೆಲ್ಲ ಖಾಲಿ ಬಿಟ್ಟು, ಕೆಳಗೆ ಬಲ ಮೂಲೆಯಲ್ಲಿ ಕನ್ನಡದಲ್ಲಿ ಸಹಿ ಮಾಡಿಟ್ಟು ಹೋಗುತ್ತಿದ್ದರು. ಹಾಳೆಗಳನ್ನು ದೇವರ ಮನೆಯ ಗೂಡಿನಲ್ಲಿ ವಿಭೂತಿ ಗಟ್ಟಿಗಳ ಪಕ್ಕ ಇಡುತ್ತಿದ್ದೆವು. ಸ್ಕೂಲಿನಿಂದ ಬಂದು ನಾನು ವರಾಂಡದ ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರ ಅಹವಾಲು ಕೇಳಿ, ಆ ಹಾಳೆಗಳ ಮೇಲ್ಭಾಗ ತುಂಬಿಸುತ್ತಿದ್ದೆ.

“ಇಂಗ್ಲೀಷ್‌ನಾಗ ಜರಾ ಬಿರುಸಾಗಿ ಬರೀಯವ್ವ. ಡಾಕ್ಟರ್ ಓದಿ ಎದ್ದು ನಿಂದ್ರಬೇಕು.”

“ಡಾಕ್ಟರ್ ಎದ್ದು ನಿಂತ್ರ ನಿನ್ನ ಹೊಟ್ಟಿ ಯಾರು ನೋಡ್ತಾರ ಮಾಮಾ? ಕುಂತ ಓದೂವಂಗ ಬರೀತೀನಿ ತಗೋ.”

ವರಾಂಡವೆಲ್ಲ ನಗುತ್ತಿತ್ತು. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದ ಮೇಲೆ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದಳು: “ಅವರು ಇದ್ದಿದ್ರ ಇದನ್ನ ಬರೀತಿದ್ರೇನು?” ನಾನು ಹೂಂ ಎಂದರೆ ಪತ್ರ ಕವರಿನೊಳಗೆ ಹೋಗುತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು, ಒಂದು ಪತ್ರವೂ ಎಡವಟ್ಟಾಗಲಿಲ್ಲ. ಹನ್ನೊಂದು ವರ್ಷಕ್ಕೆ ನಾನು ಒಂದು ತಾಲ್ಲೂಕಿನ ಇಂಗ್ಲಿಷ್ ಆಗಿಬಿಟ್ಟಿದ್ದೆ. ಆ ಜಂಬ ನನ್ನ ನಡಿಗೆಯಲ್ಲೇ ಇತ್ತು ಎಂದು ಅವ್ವ ಹೇಳುತ್ತಿದ್ದಳು.

ಅವ್ವನ ತಮ್ಮ ಶೇಖರ ಮಾಮಾ ಅಪ್ಪಾಜಿಯ ಫೋನು, ಫೈಲು ನೋಡಿಕೊಳ್ಳುತ್ತ ನಮ್ಮ ಮನೆಯಲ್ಲೇ ಇದ್ದ. ಸದಾ ಇಸ್ತ್ರಿಯ ಬಿಳಿ ಷರ್ಟು, ಜೇಬಿನಲ್ಲಿ ನನಗೆ ಪೆಪ್ಪರ್‌ಮಿಂಟು. ಭಾವ ಮಂತ್ರಿಯಾಗಬೇಕು, ಮನೆಗೆ ಕಾರು ಬರಬೇಕು ಎಂಬುದು ಅವನ ಆಸೆ. ಅದನ್ನು ಮುಚ್ಚಿಡುವ ಜಾಣತನ ಅವನಿಗಿರಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಎರಡು ಸಂಗತಿ ಒಟ್ಟಿಗೇ ನಡೆದವು. ವಿಧಾನಸಭೆಯಲ್ಲಿ ಸರ್ಕಾರಕ್ಕೆ ಒಂದೆರಡು ಓಟು ಕಡಿಮೆ ಬಿದ್ದು, ಅದುವರೆಗೆ ಯಾರೂ ಮೂಸಿ ನೋಡದ ಪಕ್ಷೇತರರ ಮನೆ ಮುಂದೆ ಕಾರುಗಳು ನಿಲ್ಲತೊಡಗಿದವು. ಕರೇಕಟ್ಟಿಯ ಹಳ್ಳ ತುಂಬಿ, ಹೆರಿಗೆಗೆ ಹೊರಟಿದ್ದ ಒಬ್ಬ ಹೆಣ್ಣುಮಗಳು ದಾಟಲಾಗದೆ ದಂಡೆಯಲ್ಲೇ ತೀರಿಕೊಂಡಳು. ಸುದ್ದಿ ಬಂದ ತಕ್ಷಣ ಅಪ್ಪಾಜಿ ಕಾರಿನವರನ್ನೆಲ್ಲ ವರಾಂಡದಲ್ಲೇ ಬಿಟ್ಟು ಊರಿಗೆ ಹೊರಟರು. ಆ ಕಡೆ ಫೋನಿನ ಲೈನೂ ಬಿದ್ದುಹೋಗಿತ್ತು.

ಎರಡು ದಿನದ ಮೇಲೆ, ಮಧ್ಯಾಹ್ನ, ನಾನು ಯೂನಿಫಾರಂ ಕೂಡ ಬಿಚ್ಚಿರಲಿಲ್ಲ. ಅವ್ವ ಊರಿನ ಒಬ್ಬ ಬಾಣಂತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದಳು. ಮಾಮಾ ಗೂಡಿನಿಂದ ತಾನೇ ಒಂದು ಹಾಳೆ ತೆಗೆದು ತಂದು ನನ್ನ ಮುಂದಿಟ್ಟ.

“ನೀಲಾ, ಲಗೂನ ಒಂದು ಪತ್ರ ಬರಿ. ಸೇತುವಿ ಫೈಲ್ ಮಂತ್ರಿಗಳ ಟೇಬಲ್ ಮ್ಯಾಲ ಐತಿ. ಇವತ್ತ ಸಂಜೀ ಒಳಗ ಪತ್ರ ಮುಟ್ಟಿದ್ರ ಸಹಿ ಬೀಳ್ತೈತಿ.”

“ಅಪ್ಪಾಜಿ ಹೇಳ್ಯಾರೇನು?”

“ಹೇಳದ ನಾ ಬರಸ್ತೀನೇನು? ಸರ್ಕಾರಕ್ಕ ನಮ್ಮ ಬೆಂಬಲ ಐತಿ ಅಂತ ಎರಡು ಸಾಲು. ಮುಖ್ಯಮಂತ್ರಿಗಳ ಹೆಸರಿಗೆ.”

ನನಗೆ ಆಣೆ ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ಹಳ್ಳದ ದಂಡೆಯ ಆ ಹೆಂಗಸೂ ನೆನಪಾದಳು. ಅದಕ್ಕಿಂತ ಹೆಚ್ಚಾಗಿ ಮುಖ್ಯಮಂತ್ರಿಗಳು ನನ್ನ ಇಂಗ್ಲಿಷ್ ಓದುತ್ತಾರೆ ಎಂಬುದು ತಲೆಗೇರಿತು. ಆ ಸೋಮವಾರ ಸಿಸ್ಟರ್ ಕೊಟ್ಟ ಐದು ವರ್ಡ್ಸ್‌ನಲ್ಲಿ ಎರಡು ಇನ್ನೂ ಬಳಸದೆ ಉಳಿದಿದ್ದವು. ಮಾಮಾ ಹೇಳಿದ್ದು ಬರಿಯ ಸಪೋರ್ಟ್. ನಾನು ನನ್ನ ಗುಂಡು ಗುಂಡಾದ ಕಾನ್ವೆಂಟ್ ಅಕ್ಷರದಲ್ಲಿ ‘ಮೈ ಅನ್‌ಸ್ಟಿಂಟೆಡ್ ಅಂಡ್ ಅನ್‌ಕಂಡಿಷನಲ್ ಸಪೋರ್ಟ್’ ಎಂದು ಬರೆದೆ. ಎರಡೂ ‘ಅನ್’ ಒಂದರ ಹಿಂದೊಂದು ಬಂದದ್ದು ಎಷ್ಟು ಚೆಂದ ಕೇಳಿಸಿತೆಂದರೆ ಗಟ್ಟಿಯಾಗಿ ಇನ್ನೊಮ್ಮೆ ಓದಿಕೊಂಡೆ. ಸೇತುವೆಯ ಮಾತನ್ನು ಬರೆಯಲೇ ಇಲ್ಲ. ಹಾಗೆ ಬೇಡಿದರೆ ಪತ್ರದ ಗತ್ತು ಕೆಡುತ್ತದೆ ಅನಿಸಿತು. ಮಾಮಾ ಓದಿ ನೋಡಲಿಲ್ಲ. ಕೆಳಗಿನ ಸಹಿ ನೋಡಿ, ಮಡಿಚಿ, ನನ್ನ ಕೈಗೆ ಪೆಪ್ಪರ್‌ಮಿಂಟು ಹಾಕಿ ಸೈಕಲ್ ಹತ್ತಿದ. ಅವ್ವ ಬಂದ ಮೇಲೂ ನಾನು ಹೇಳಲಿಲ್ಲ. ಅವಳ ಒಂದು ಪ್ರಶ್ನೆಗೆ ನನ್ನಲ್ಲಿ ಹೂಂ ಇರಲಿಲ್ಲ.

ಮೂರನೆಯ ದಿನ ಪತ್ರದ ಫೋಟೋ ಪೇಪರಿನ ಮೊದಲ ಪುಟದಲ್ಲಿತ್ತು. ಅಪ್ಪಾಜಿ ಅದೇ ಬೆಳಿಗ್ಗೆ ಊರಿನಿಂದ ಬಂದಿದ್ದರು, ಧೋತರದ ಅಂಚಿಗೆ ಹಳ್ಳದ ಕೆಸರು ಇನ್ನೂ ಒಣಗಿರಲಿಲ್ಲ. ವರಾಂಡದಲ್ಲಿ ಕೂತ ಇಬ್ಬರು ಮೂವರು ಪೇಪರ್ ನೋಡಿ, ತಮ್ಮ ತಮ್ಮ ಚೀಲ ಕಟ್ಟುತ್ತಿದ್ದರು. ಅಪ್ಪಾಜಿ ಪೇಪರ್ ತೆಗೆದುಕೊಂಡು ಪತ್ರವನ್ನು ಅಕ್ಷರ ಅಕ್ಷರವಾಗಿ ಓದಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಬೆರಳಿಟ್ಟು, ಮನೆಪಾಠ ಕೇಳುವವರ ಹಾಗೆ ಕೇಳಿದರು.

“ಈ ಶಬ್ದದ ಅರ್ಥ ಏನವ್ವ?”

“ಅನ್‌ಸ್ಟಿಂಟೆಡ್ ಅಂದ್ರ... ಕೈ ಬಿಚ್ಚಿ ಕೊಡೂದು.”

“ಇದು?”

“ಅನ್‌ಕಂಡಿಷನಲ್. ಷರತ್ತು ಇಲ್ಲದ್ದು.”

“ಷರತ್ತು ಇಲ್ಲದ್ದು,” ಎಂದು ಅಪ್ಪಾಜಿ ತಮ್ಮಷ್ಟಕ್ಕೆ ಹೇಳಿಕೊಂಡರು. “ಹಂಗಾದ್ರ ಇನ್ನ ಸೇತುವಿ ಕೇಳಾಕೂ ಬರಂಗಿಲ್ಲ.”

ನನ್ನನ್ನು ಬೈಯಲಿಲ್ಲ. ಯಾರು ಬರೆದದ್ದೆಂದೂ ಕೇಳಲಿಲ್ಲ. ಆ ಅಕ್ಷರ ಅವರಿಗೆ ಗೊತ್ತಿಲ್ಲದ್ದೇನಲ್ಲ. ಒಳಗೆ ಅವ್ವ ಮತ್ತು ಶೇಖರ ಮಾಮಾನ ನಡುವೆ ನಡೆದದ್ದನ್ನು ಇಡೀ ರಸ್ತೆ ಕೇಳಿತು. ಮಾಮಾ “ನಾ ಯಾರ ಸಲುವಾಗಿ ಮಾಡೀನಿ, ಅಕ್ಕಾ? ನನಗೇನು ಅದರಾಗ?” ಎನ್ನುತ್ತಿದ್ದ. ಅವ್ವ “ಮನ್ಯಾಗ ಉಂಡು ಮನೀ ಅಂಗೈ ಮಾರಿದಿ” ಎಂದಳು. ಆಮೇಲೆ ಅವನ ತಾಟನ್ನು ತೊಳೆದು ಬೋರಲು ಹಾಕಿದಳು. ಆ ಮನೆಯಿಂದ ಊಟವಿಲ್ಲದೆ ಯಾರಾದರೂ ಹೋದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮಾಮಾ ಆ ಸಂಜೆಯೇ ಟ್ರಂಕು ಹೊತ್ತು ಹೋದ.

ಸರೋಜಾ ಆಂಟಿಯ ಗಂಡ ವಕೀಲರು. ಮೂರು ವರ್ಷದಲ್ಲಿ ಮೊದಲ ಸಲ ನಮ್ಮ ಗೇಟಿನೊಳಗೆ ಬಂದು ಅಪ್ಪಾಜಿಯ ಎದುರು ಕೂತರು. ನಾನು ಬಾಗಿಲ ಸಂದಿಯಲ್ಲಿದ್ದೆ.

“ಸಾರ್, ಒಂದೇ ಒಂದು ಸ್ಟೇಟ್‌ಮೆಂಟ್ ಕೊಟ್ಬಿಡಿ. ಊರಲ್ಲಿರ್ಲಿಲ್ಲ, ಖಾಲಿ ಹಾಳೆ ಇತ್ತು, ಮಗು ಗೊತ್ತಿಲ್ದೆ ಬರೆದಿದೆ ಅಂತ. ಹನ್ನೊಂದು ವರ್ಷದ್ ಮಗು ಮೇಲೆ ಯಾರ್ ಸಾರ್ ಕೋಪ ಮಾಡ್ಕೋತಾರೆ?”

“ಸಿಟ್ಟು ಮಾಡಂಗಿಲ್ರಿ. ನೆನಪಿಟ್ಕೋತಾರ. ಆಕಿ ಎಲ್ಲಿಗೆ ಹೋದ್ರೂ, ಅಪ್ಪನ ಆಣಿ ಮುರದಾಕಿ ಅಂತ ಅದೊಂದು ಆಕೀ ಹಿಂದ ಬರ್ತೈತಿ. ಬ್ಯಾಡ.”

“ನಿಮ್ ಪೊಲಿಟಿಕಲ್ ಕೆರಿಯರ್ ಸಾರ್ ಇದು.”

“ಅದಕ್ಕ ಬ್ಯಾಡ ಅಂದೆ.”

ಅಪ್ಪಾಜಿ ವಿಧಾನಸಭೆಯಲ್ಲಿ ಯಾರ ಪರವೂ ಕೈ ಎತ್ತದೆ ಹೊರಗೆ ನಡೆದರು. ಆದರೆ ಅವರಿಲ್ಲದೆಯೂ ಸರ್ಕಾರ ಉಳಿಯಿತು. ಸರ್ಕಾರದವರು ಆ ಪತ್ರ ತೋರಿಸಿಯೇ ಬೇರೆ ಪಕ್ಷೇತರರನ್ನು ಒಪ್ಪಿಸಿದ್ದರು. ಹೀಗೆ ಪತ್ರದಿಂದ ಆಗಬಾರದ್ದೆಲ್ಲ ಆಯಿತು, ಆಗಬೇಕಿದ್ದ ಸೇತುವೆ ಮಾತ್ರ ಆಗಲಿಲ್ಲ. ವರಾಂಡದಲ್ಲಿ ಜನ ಕಡಿಮೆಯಾಗುತ್ತ ಬಂದರು. ಅವ್ವ ಕೈಯ ಅಭ್ಯಾಸದಿಂದ ಅಷ್ಟೇ ಹಿಟ್ಟು ನಾದುತ್ತಿದ್ದಳು, ಉಳಿದ ರೊಟ್ಟಿಗಳು ಒಣಗಿ ಡಬ್ಬಿಗಳಲ್ಲಿ ತುಂಬಿದವು. ನನಗೆ ಈಗ ಶೂ ಹುಡುಕುವ ಕಷ್ಟವಿರಲಿಲ್ಲ.

ದಸರಾ ರಜೆ ಮುಗಿದ ಮೇಲೆ ಒಂದು ಮಧ್ಯಾಹ್ನ ಫಕೀರಜ್ಜ ಬಂದರು. ಒಬ್ಬರೇ. ಗೇಟಿನ ಹೊರಗೆ ನಿಂತರು, ಚಪ್ಪಲಿ ಬಿಡಲಿಲ್ಲ. ಅಪ್ಪಾಜಿ ಎದ್ದು ಓಡಿದರು. ಅವ್ವ ನನ್ನ ಕೈಯಲ್ಲಿ ನೀರಿನ ಚೊಂಬು, ಬೆಲ್ಲ ಕೊಟ್ಟು ಕಳಿಸಿದಳು.

“ಒಳಗ ಬರ್ರಿ ಅಜ್ಜಾರ.”

“ಬರಂಗಿಲ್ಲ. ಒಂದು ಮಾತು ಕೇಳಿ ಹೊಕ್ಕೀನಿ, ಸಾಹೇಬ್ರ.” ಅವರು ಅಪ್ಪಾಜಿಯನ್ನು ಯಾವಾಗಲೂ ‘ತಮ್ಮಾ’ ಎನ್ನುತ್ತಿದ್ದರು. “ಆ ಪತ್ರ ನೀವ ಬರದ್ರೇನು?”

“ಸಹಿ ನನ್ನದ ಅಜ್ಜಾ.”

“ಸಹಿ ನಾ ಕೇಳಿಲ್ಲ. ಬರದವರು ಯಾರು?”

ಅಪ್ಪಾಜಿ ಹಿಂದೆ ತಿರುಗಲಿಲ್ಲ. ನಾನು ಎರಡು ಹೆಜ್ಜೆ ಹಿಂದೆಯೇ ಇದ್ದೆ, ಚೊಂಬಿನ ನೀರು ತುಳುಕಿ ಪಾದ ಒದ್ದೆಯಾಗುತ್ತಿತ್ತು.

“ಸಹಿ ಮಾಡಿದವನ ಬರದಂಗ,” ಎಂದರು ಅಪ್ಪಾಜಿ.

ಫಕೀರಜ್ಜ ಅಪ್ಪಾಜಿಯ ಹೆಗಲಿನ ಮೇಲಿಂದ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ. ಹಾಗೇ ನೋಡುತ್ತ ನಿಂತರು, ನಾನು ಚೊಂಬನ್ನು ನೋಡುತ್ತ ನಿಂತೆ. ನೀರು ಮುಟ್ಟದೆ ಅವರು ರಸ್ತೆ ದಾಟಿ ಎದುರಿನ ಗುಲ್‌ಮೊಹರ್ ಮರದ ಕೆಳಗೆ ಕೂತರು. ಬಿಸಿಲು ಇಳಿಯಲಿ ಎಂದು ಕೂತಿರಬೇಕು ಅಂದುಕೊಂಡೆ. ನಾನು ಒಳಗೆ ಹೋಗಿ ಹೋಂವರ್ಕ್ ಮಾಡಿದೆ. ಕಿಟಕಿಯಿಂದ ಎರಡು ಸಲ ಇಣುಕಿದೆ, ಎರಡು ಸಲವೂ ಅವರು ನಮ್ಮ ಬಾಗಿಲನ್ನೇ ನೋಡುತ್ತಿದ್ದರು. ಮೂರನೆಯ ಸಲ ಇಣುಕಲಿಲ್ಲ.

ಮುಂದಿನ ಚುನಾವಣೆಯಲ್ಲಿ ಅಪ್ಪಾಜಿ ಪಕ್ಷೇತರರಾಗಿಯೇ ನಿಂತರು. ಠೇವಣಿ ಹೋಯಿತು. ಕರೇಕಟ್ಟಿಯಲ್ಲಿ ಅವರಿಗೆ ಒಂದು ಲೋಟ ನೀರೂ ಸಿಗಲಿಲ್ಲವೆಂದು ಜೊತೆಗೆ ಹೋದವರು ಹೇಳಿದರು. ಮನೆಯ ಮುಂಭಾಗ ಬಾಡಿಗೆಗೆ ಹೋಯಿತು. ಅಪ್ಪಾಜಿ ಹತ್ತಿರದ ಮಕ್ಕಳಿಗೆ ಕನ್ನಡ ವ್ಯಾಕರಣ ಹೇಳಿಕೊಡುತ್ತ ಉಳಿದ ಆಯುಷ್ಯ ಕಳೆದರು. ನಾನು ಬೇರೆಯವರ ಮಕ್ಕಳಿಗೆ ಮೂವತ್ತೈದು ವರ್ಷ ಇಂಗ್ಲಿಷ್ ಕಾಂಪೊಸಿಷನ್ ಕಲಿಸಿದೆ. ಅಡ್ಜೆಕ್ಟಿವ್ ಹೆಚ್ಚಾದರೆ ಕೆಂಪು ಇಂಕಿನಲ್ಲಿ ಹೊಡೆದುಹಾಕುತ್ತಿದ್ದೆ. ತುಂಬ ಸ್ಟ್ರಿಕ್ಟ್ ಮಿಸ್ ಎಂದು ಹೆಸರು. ಆ ವಿಷಯವನ್ನು ಅಪ್ಪಾಜಿ ಬದುಕಿರುವವರೆಗೂ ನಾವಿಬ್ಬರೂ ಎತ್ತಲಿಲ್ಲ. ಅವರು ನನ್ನನ್ನು ಕ್ಷಮಿಸಿದ್ದರೆಂದು ಎಲ್ಲರಿಗೂ ಹೇಳಬಲ್ಲೆ. ಅದನ್ನು ಅವರಿಂದ ಕೇಳಿಸಿಕೊಂಡಿಲ್ಲ.

ಕಳೆದ ವರ್ಷ, ಬಸವೇಶ್ವರನಗರದ ನನ್ನ ಫ್ಲಾಟಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾರಲು ಒಬ್ಬ ಹೆಂಗಸು ಬಂದಳು. ಮಾತು ಕೇಳಿ ಯಾವ ಊರೆಂದು ವಿಚಾರಿಸಿದರೆ ಕರೇಕಟ್ಟಿ. ಅವಳ ಅತ್ತೆ ಗಂಗವ್ವ ಫಕೀರಜ್ಜನ ಮಗಳು, ಈಗ ಹೆಗ್ಗನಹಳ್ಳಿಯಲ್ಲಿ ಮಗನ ಜೊತೆ ಇದ್ದಾಳೆ ಎಂದಳು. ಮರುದಿನವೇ ಆಟೋ ಹಿಡಿದು ಹೋದೆ. ಎರಡು ಕೋಣೆಯ ಮನೆ, ಒಂದು ತುಂಬ ರೊಟ್ಟಿಯ ರಾಶಿ. ನನಗಿಂತ ಆರೇಳು ವರ್ಷ ದೊಡ್ಡವಳಾದ ಗಂಗವ್ವ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಅಪ್ಪಾಜಿಯ ಹೆಸರು ಹೇಳಿದೆ. ಕೂಡು ಅಂದಳು. ಮಾಡಿಕೊಂಡು ಹೋದ ಪೀಠಿಕೆಯೆಲ್ಲ ಮರೆತುಹೋಯಿತು.

“ಆ ಪತ್ರ ಬರದಾಕಿ ನಾನು ಗಂಗಕ್ಕ.”

“ಗೊತ್ತೈತಲ್ಲವ್ವ. ನಿಮ್ಮಪ್ಪಗ ಇಂಗ್ಲೀಷ್ ಎಲ್ಲಿ ಬರ್ತಿತ್ತು? ತಾಲ್ಲೂಕಿನ ಪತ್ರ ಎಲ್ಲಾ ನೀನ ಬರೀತಿದ್ದಿ.”

“ಅಜ್ಜಗೂ ಗೊತ್ತಿತ್ತೇನು?”

“ಅವಗ ಮೊದಲ ಗೊತ್ತಾತು. ಅದಕ್ಕ ಬೆಂಗಳೂರಿಗೆ ಬಂದಿದ್ದ. ಮಂದಿ ಎಲ್ಲಾ ಸಾಹೇಬ್ರನ್ನ ಕೇಳೂಣು ಅಂದ್ರ, ಅಪ್ಪ ಅಂದ, ಅವ ಮಗಳ ಹೆಸರು ಹೇಳೂ ಪೈಕಿ ಅಲ್ಲ. ಕೂಸಾದ್ರೂ ಒಂದು ಮಾತು ಅಂದ್ರ ಸಾಕು, ಊರಿಗೆ ನಾ ಹೇಳ್ತೀನಿ ಅಂತ.”

“ಗೊತ್ತಿದ್ದ ಮ್ಯಾಲ ಅವರ ಹೇಳಬಹುದಿತ್ತಲ್ಲ ಗಂಗಕ್ಕ?”

“ಕೇಳಲಾರದ ಮಾತು ಹೆಂಗ ಹೇಳೂದವ್ವ ಮಂದಿ ಮುಂದ? ಕಿವೀಲೆ ಕೇಳಿದ್ರ ಹೇಳ್ತಿದ್ದ.” ಅವಳು ಸೊಸೆಯ ಕಡೆ ತಿರುಗಿ ನನಗೆ ಚಹಾ ಇಡಲು ಹೇಳಿದಳು. “ನೀ ಸಣ್ಣಾಕಿ ಇದ್ದಿ. ಬಿಡು.”

ಚಹಾ ಬಂತು. ಅಜ್ಜ ಅವತ್ತು ನಮ್ಮ ಮನೆಯೆದುರು ಮರದ ಕೆಳಗೆ ಎಷ್ಟು ಹೊತ್ತು ಕೂತಿದ್ದರೆಂದು ಏನಾದರೂ ಹೇಳಿದ್ದರೇ ಎಂದು ಕೇಳಿದೆ.

“ಹೊತ್ತು ಗೊತ್ತಿಲ್ಲವ್ವ,” ಎಂದಳು ಗಂಗವ್ವ. “ಆವತ್ತಿನ ಬಸ್ಸು ತಪ್ಪಿಸ್ಕೊಂಡಿದ್ದ. ಮರುದಿನ ಸಂಜೀಕ ಊರು ಮುಟ್ಟಿದ.”